ಎರಕದ ಕಾರ್ಖಾನೆಯ ಧೂಳು

ಹೂಸ್ಟನ್ನಿನ ಪೂರ್ವ ಭಾಗದಲ್ಲಿ, ರೈಲು ಹಳಿಗೆ ಒತ್ತಿಕೊಂಡು, ಎಂದೋ ಬಾಗಿಲು ಮುಚ್ಚಿದ ಒಂದು ಎರಕದ ಕಾರ್ಖಾನೆ ಇತ್ತು. ಕೆಂಪು ಇಟ್ಟಿಗೆಯ ಗೋಡೆ, ಗಾಜು ಒಡೆದ ಎತ್ತರದ ಕಿಟಕಿಗಳು. ನಾನು ದಾವಣಗೆರೆಯಲ್ಲಿ ಹತ್ತಿಗಿರಣಿಯ ಸೈರನ್ನಿಗೆ ಎದ್ದು ಶಾಲೆಗೆ ಹೋದವಳು. ಯಂತ್ರ ನಿಂತುಹೋದ ಕಟ್ಟಡ ಕಂಡರೆ ಇವತ್ತಿಗೂ ಕಾರು ನಿಧಾನ ಮಾಡುತ್ತೇನೆ. ಶನಿವಾರ ಬೆಳಿಗ್ಗೆ ಊರಿನ ಪಶ್ಚಿಮಕ್ಕಿರುವ ಕೇಟಿ ಎಂಬ ಉಪನಗರದ ನಮ್ಮ ಮನೆಯಿಂದ ಹೊರಟು, ಬೇಲಿ ಹರಿದ ಕಡೆ ನುಸುಳಿ ಅದರೊಳಗೆ ಸುತ್ತಾಡಿ ಬರುತ್ತಿದ್ದೆ. ಕರಗಿದ ಲೋಹ ಎರೆಯುವ ಅಚ್ಚಿನ ಪೆಟ್ಟಿಗೆಗಳಲ್ಲಿ ಕಪ್ಪು ಮರಳು ಹಾಗೇ ಉಳಿದಿತ್ತು. ಇಂಥದೇ ಹುಚ್ಚಿನ ಕನ್ನಡಿಗರ ಒಂದು ವಾಟ್ಸಾಪ್ ಗುಂಪು ನಮ್ಮದು. ಡಲ್ಲಾಸ್, ಆಸ್ಟಿನ್ ಕಡೆಯವರೂ ಇದ್ದರು. ಪಾಳು ಕಟ್ಟಡಗಳ ಫೋಟೋ ಹಾಕಿ ಹೊಗಳಿಕೊಳ್ಳುತ್ತಿದ್ದೆವು.

ಕಾರ್ಖಾನೆಯ ಎದುರಿಗೆ ಮರದ ಸಣ್ಣ ಮನೆಗಳ ಸಾಲು. ಅಲ್ಲೊಂದರಲ್ಲಿ ಕರಿಯ ಜನಾಂಗದ ಒಬ್ಬ ಅಜ್ಜಿ ಒಬ್ಬರೇ ಇದ್ದರು. ಒಮ್ಮೆ ನಾನು ಬೇಲಿಯಿಂದ ಹೊರಬರುವುದನ್ನು ನೋಡಿ ಕರೆದು ಜಗಲಿಯಲ್ಲಿ ಕೂರಿಸಿ, ಸಿಹಿ ಐಸ್ ಟೀ ಕೊಟ್ಟರು. ಅವರ ಇಂಗ್ಲಿಷು ನನಗೆ ನಮ್ಮ ದೊಡ್ಡಮ್ಮ ಮಾತಾಡಿದ ಹಾಗೇ ಕೇಳುತ್ತಿತ್ತು.

"ಅದರಾಗ ಏನ್ ಚೆಂದ ಐತೆ ಅಂತ ನೋಡ್ತೀಯವ್ವ? ನನ್ನ ಗಂಡ ಅಲ್ಲಿ ದುಡಿದು ದುಡಿದು, ಕೆಮ್ಮಿ ಕೆಮ್ಮಿ ಸತ್ತ. ಯಾವತ್ತು ಕೆಡವುತ್ತಾರೋ ಅಂತ ಕಾಯ್ತಾ ಇದೀನಿ."

ನಾನು ಟೀ ಮುಗಿಸಿ, ಲೋಟ ಕೆಳಗಿಟ್ಟು ಹೊರಟೆ. ಆದರೂ ಹೋದಾಗಲೆಲ್ಲ ಅವರ ಜಗಲಿಯಲ್ಲಿ ಸ್ವಲ್ಪ ಹೊತ್ತು ಕೂರುವುದು ರೂಢಿಯಾಯಿತು.

ಕಳೆದ ಬೇಸಿಗೆಯಲ್ಲಿ ಒಂದು ದಿನ ಅವರಿಂದ ಮೆಸೇಜು: "ಕೆಡವೋಕೆ ಬಂದಿದಾರೆ. ಬಾ." ರಜೆ ಹಾಕಿ ಓಡಿದೆ. ಬೀದಿಯ ತಿರುವಿನಲ್ಲೇ ಕಣ್ಣು ಉರಿಯತೊಡಗಿತು. ಯಂತ್ರ ಗೋಡೆಗೆ ಗುದ್ದಿದಾಗಲೆಲ್ಲ ಧೂಳಿನ ಮೋಡವೊಂದು ಎದ್ದು, ರಸ್ತೆ ದಾಟಿ, ಮನೆಗಳ ಮೇಲೆ ಇಳಿಯುತ್ತಿತ್ತು. ಅಜ್ಜಿಯ ಜಗಲಿ, ಒಗೆದು ಹಾಕಿದ ಬಟ್ಟೆ, ಹಿತ್ತಲಿನ ಸೊಪ್ಪಿನ ಮಡಿ ಎಲ್ಲ ಬೂದಿ ಬಳಿದಂತೆ ಕಾಣುತ್ತಿದ್ದವು. ಅಜ್ಜಿ ಬಾಯಿಗೆ ಟವೆಲು ಒತ್ತಿಕೊಂಡು ಬಾಗಿಲಲ್ಲಿ ನಿಂತಿದ್ದರು. ಎಲ್ಲೂ ಒಂದು ಹನಿ ನೀರಿಲ್ಲ.

ನಾನು ಸಿವಿಲ್ ಇಂಜಿನಿಯರು. ಗೋಡೆ ಕೆಡವುವಾಗ ನೀರು ಹೊಡೆಯಬೇಕೆಂಬುದು ನಮ್ಮಲ್ಲಿ ಮೊದಲ ಪಾಠ. ನಮ್ಮ ಆಫೀಸಿನ ಪಕ್ಕ ಒಂದು ಪಾರ್ಕಿಂಗ್ ಕಟ್ಟಡ ಕೆಡವಿದಾಗ ಬಾಗಿಲು ಬಾಗಿಲಿಗೆ ಮುನ್ಸೂಚನೆಯ ಚೀಟಿ ಅಂಟಿಸಿದ್ದರು. ನೀರಿನ ಟ್ಯಾಂಕರು ಕೊನೆಯವರೆಗೂ ಕದಲಲಿಲ್ಲ. ನಮ್ಮ ಕಾರುಗಳ ಮೇಲೆ ಧೂಳು ಕೂರಬಾರದಲ್ಲ! ಇಲ್ಲಿ ಎರಕದ ವಿಷ ಕುಡಿದ ಗೋಡೆಯನ್ನು ಮನುಷ್ಯರ ಮೂಗಿನ ಮುಂದೆ ನೀರು ತಾಕಿಸದೆ ಪುಡಿಮಾಡುತ್ತಿದ್ದರು.

ಗೇಟಿನಲ್ಲಿದ್ದ ಮೇಸ್ತ್ರಿಯನ್ನು ಕೇಳಿದೆ, "ನೀರು ಎಲ್ಲಿ?"

"ನಮ್ಮ ಹತ್ತಿರ ಪರವಾನಗಿ ಇದೆ ಮೇಡಂ."

"ಪರವಾನಗಿ ಕೇಳಲಿಲ್ಲ. ನೀರು ಎಲ್ಲಿ?"

"ಮೇಡಂ, ನೀವು ಈ ಬೀದಿಯವರಾ?"

ದೂರು ಕೇಳುವ ಕಚೇರಿಗೆ ಫೋನ್ ಮಾಡಿದರೆ ಅಲ್ಲೂ ಅದೇ ಪ್ರಶ್ನೆ. ಕೇಟಿಯ ವಿಳಾಸ ಹೇಳಿದೊಡನೆ ಆ ದನಿ ತಣ್ಣಗಾಯಿತು. ಫೋನನ್ನು ಅಜ್ಜಿಗೆ ಕೊಟ್ಟೆ. ದೂರು ದಾಖಲಾಗಿದೆ, ಯಾರಾದರೂ ಬರುತ್ತಾರೆ ಎಂದರಂತೆ. ಯಾವಾಗ ಎಂದು ಹೇಳಲಿಲ್ಲ. ಈ ಬೀದಿಯವಳಲ್ಲದ ನನ್ನ ಮಾತು ನಡೆಯುವುದಿಲ್ಲ, ಈ ಬೀದಿಯವರ ಮಾತು ಯಾರೂ ಕೇಳುವುದಿಲ್ಲ. ಮತ್ತೆ ದೂರು ಕೊಡಬೇಕಾದವರು ಯಾರು?

ಅಜ್ಜಿ ಫೋನನ್ನು ನನ್ನ ಕೈಗೆ ಕೊಟ್ಟರು. ಹಿತ್ತಲಿಗೆ ಹೋಗಿ ಗಿಡಕ್ಕೆ ನೀರು ಹಾಕುವ ಪೈಪನ್ನು ಎಳೆದು ತಂದರು. ರಸ್ತೆಯ ಅಂಚಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂತು, ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ, ಧೂಳಿನ ಮೋಡಕ್ಕೆ ನೀರು ಚಿಮ್ಮಿಸತೊಡಗಿದರು. ಆ ನೀರು ಗೋಡೆಯ ಹತ್ತಿರಕ್ಕೂ ಹೋಗುತ್ತಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಪೈಪನ್ನು ನಾನು ಹಿಡಿದುಕೊಂಡೆ. ಪಕ್ಕದ ಮನೆಯ ಹೆಂಗಸು ತನ್ನ ಪೈಪು ತಂದಳು, ಆಮೇಲೆ ಅದರಾಚೆ ಮನೆಯವರೂ ಬಂದರು. ಯಂತ್ರ ರಸ್ತೆಯ ಕಡೆಗೆ ಸರಿದು ನಮ್ಮ ನೀರು ಅದರ ಗಾಜಿಗೆ ಬಡಿದಾಗ ಅದನ್ನು ನಡೆಸುವವನು ಇಳಿದುಬಂದ. ಕೆಲಸ ನಿಂತಿತು.

ನನ್ನ ಗಂಡ ಫೋನ್ ಮಾಡಿ, "ಸುಮ್ನೆ ಮನೆಗೆ ಬಾ ಮಾರಾಯ್ತಿ. ನಮ್ದಿನ್ನೂ ಗ್ರೀನ್ ಕಾರ್ಡ್ ಬಂದಿಲ್ಲ. ಪೊಲೀಸ್ ಬಂದ್ರೆ ಏನ್ ಮಾಡ್ತೀಯ?" ಎಂದರು.

"ನಾನೇನು ಕದೀತಿದೀನೇನ್ರೀ? ನೀರು ಹಾಕ್ತಿದೀನಿ."

ಅವರು ದನಿ ತಗ್ಗಿಸಿ, "ಮಾಸ್ಕ್ ಆದ್ರೂ ಹಾಕ್ಕೊಂಡಿದೀಯಾ?" ಎಂದು ಕೇಳಿದರು.

ಮರುದಿನ ಟ್ಯಾಂಕರು ಬಂತು. ಹಿಂದಿನ ದಿನದ ಸುದ್ದಿಯನ್ನು ನಾನು ವಾಟ್ಸಾಪ್ ಗುಂಪಿಗೆ ಬರೆದಿದ್ದನ್ನು ಓದಿ, ಅದರಲ್ಲಿದ್ದ ಫೋಟೋಗ್ರಾಫರೊಬ್ಬರು ಆಸ್ಟಿನ್ನಿನಿಂದ ಡ್ರೈವ್ ಮಾಡಿಕೊಂಡು ಬಂದಿದ್ದರು. ನೀರಿಗೂ ಧೂಳಿಗೂ ನಡುವೆ ಬಿಸಿಲು ಕೋಲು ಕೋಲಾಗಿ ಇಳಿಯುತ್ತಿತ್ತು.

"ಏನ್ ಲೈಟ್ ಬಂದಿದೆ ನೋಡಿ! ಆ ಅಜ್ಜಿನ ಸ್ವಲ್ಪ ಕುರ್ಚಿ ಮೇಲೆ ಕೂರೋಕೆ ಹೇಳ್ತೀರಾ? ನಿನ್ನೆ ತರಾನೇ ಪೈಪ್ ಹಿಡ್ಕೊಂಡು?"

ನನಗೆ ಮೈಯೆಲ್ಲ ಉರಿದುಹೋಯಿತು. "ಅವರು ಒಳಗೆ ಇನ್‌ಹೇಲರ್ ಹಿಡ್ಕೊಂಡು ಕೂತಿದಾರ್ರೀ. ಹೋಗಿ, ನೀವೇ ಕೇಳಿ" ಎಂದೆ. ಅವರು ಕೇಳಲಿಲ್ಲ. ಅಂದೇ ನಾನು ಗುಂಪು ಬಿಟ್ಟೆ.

ಎರಡು ದಿನ ಇದ್ದ ಟ್ಯಾಂಕರು ಆಮೇಲೆ ಕಾಣಲಿಲ್ಲ. ಉಳಿದ ಗೋಡೆ ಒಣಗಿದ್ದಂತೆಯೇ ಬಿತ್ತು. ಈಗ ಅಲ್ಲಿ ಜಲ್ಲಿ ಹಾಸಿದ ಬಯಲಿದೆ. ಬರಲಿರುವ ಅಪಾರ್ಟ್‌ಮೆಂಟಿನ ಚಿತ್ರದ ಫಲಕ ನಿಲ್ಲಿಸಿದ್ದಾರೆ. ಅದಕ್ಕೆ ಇಟ್ಟ ಹೆಸರು 'ಫೌಂಡ್ರಿ', ಅಂದರೆ ಎರಕದ ಕಾರ್ಖಾನೆ. ದುಡಿದವರ ಶ್ವಾಸಕೋಶ ಬೇಡ, ಹೆಸರು ಮಾತ್ರ ಬೇಕು!

ಅಜ್ಜಿ ಆ ಸೊಪ್ಪನ್ನೆಲ್ಲ ಕಿತ್ತು ಎಸೆದರು. ಹಿತ್ತಲಿನ ಮಣ್ಣು ಪರೀಕ್ಷೆ ಮಾಡಿಸಿ ಎಂದು ಇಬ್ಬರೂ ಕೂಡಿ ಅರ್ಜಿ ಕೊಟ್ಟೆವು. ಕೈಗವಸು ಹಾಕಿದ ಒಬ್ಬ ಬಂದು ಡಬ್ಬಿಗಳಲ್ಲಿ ಮಣ್ಣು ತುಂಬಿಕೊಂಡು ಹೋದ. ಉತ್ತರ ಇನ್ನೂ ಬಂದಿಲ್ಲ. ಪ್ರತಿ ಸೋಮವಾರ ಊಟದ ಬಿಡುವಿನಲ್ಲಿ ಆ ಕಚೇರಿಗೆ ಫೋನ್ ಮಾಡುತ್ತೇನೆ. ನೀವು ಆ ಬೀದಿಯವರಾ ಎಂದು ಕೇಳಿದರೆ, ಈಗ ಹೌದು ಎನ್ನುತ್ತೇನೆ.