ಒಂದು ಕರಟ, ಇಬ್ಬರು ಮಕ್ಕಳು

ನನ್ನ ಮಗಳಿಗೆ ಒಂದೂಮುಕ್ಕಾಲು ವರ್ಷವಾಗುವವರೆಗೆ ಅವಳಿಗೆ ಗೊತ್ತಿದ್ದ ಒಂದೇ ಒಂದು ಮಗು ಕನ್ನಡಿಯಲ್ಲಿತ್ತು. ನಮ್ಮದು ತೋಟದ ನಡುವಿನ ಮನೆ. ಅವಳ ಲೋಕವೆಂದರೆ ನಾವು ನಾಲ್ಕು ಜನ ದೊಡ್ಡವರು, ಒಂದು ನಾಯಿ. ಹೊರಗಿನವರು ಯಾರೇ ಬರಲಿ, ನನ್ನ ಮೊಣಕಾಲಿಗೆ ಮುಖ ಒತ್ತಿ ನಿಂತುಬಿಡುತ್ತಿದ್ದಳು. ಬಣಕಲ್ ಪೇಟೆಯಲ್ಲಿ ಯಾರಾದರೂ ಕೆನ್ನೆ ಮುಟ್ಟಿದರೆ ಬಸ್ಸಿನ ಹಾರನ್ನೂ ಕೇಳಿಸದಂತೆ ಅಳು. ಇವಳಿಗೆ ಒಬ್ಬ ಗೆಳತಿಯಾದರೂ ಸಿಗುತ್ತಾಳೋ ಇಲ್ಲವೋ ಎಂದು ನಾನು ಆಗಲೇ ತಲೆ ಕೆಡಿಸಿಕೊಂಡಿದ್ದೆ. ಚಿಕ್ಕಮಗಳೂರಿನ ಡಾಕ್ಟರು ನಕ್ಕು, "ಮಗೂಗೆ ಏನೂ ಆಗಿಲ್ಲ. ಬೇರೆ ಮಕ್ಕಳ ಜೊತೆ ಬಿಡಿ, ಕಲಿತಾಳೆ" ಅಂದರು. ತೋಟದಲ್ಲಿ ಮಕ್ಕಳನ್ನು ಎಲ್ಲಿಂದ ತರಲಿ?

ಕಾಫಿ ಕೊಯ್ಲು ಶುರುವಾದಾಗ ಒಂದು ಮಗು ತಾನಾಗಿಯೇ ಬಂತು. ಕಣದಲ್ಲಿ ಒಣಹಾಕಿದ ಕಾಫಿ ಕೆದಕಲು ಬರುತ್ತಿದ್ದ ಹೆಂಗಸು ತನ್ನ ಮಗಳನ್ನೂ ಕರೆತಂದಿದ್ದಳು. ನನ್ನವಳಿಗಿಂತ ಒಂದೇ ತಿಂಗಳು ದೊಡ್ಡವಳು! ಕಣದಂಚಿನ ನೆರಳಲ್ಲಿ ಚಾಪೆ ಹಾಸಿ, ಮನೆಯಲ್ಲಿದ್ದ ಆಟಿಕೆಗಳನ್ನೆಲ್ಲ ಸುರಿದು ಇಬ್ಬರನ್ನೂ ಕೂರಿಸಿದೆ. ಮೂರು ದಿನ ಬೆನ್ನಿಗೆ ಬೆನ್ನು ಹಾಕಿ ಕೂತರು. ನಾಲ್ಕನೇ ದಿನ ನನ್ನ ಮಗಳು ಒಂದು ಹಿಡಿ ಕಾಫಿ ಹಣ್ಣು ತೆಗೆದು ಆ ಹುಡುಗಿಯ ತಲೆ ಮೇಲೆ ಸುರಿದಳು. ಅವಳು ಕಿಲಕಿಲ ನಕ್ಕಳು. ನಾನು ಊರಿಗೆಲ್ಲ ಸಿಹಿ ಹಂಚುವುದೊಂದು ಬಾಕಿ.

ಆ ಹುಡುಗಿಯ ಹತ್ತಿರ ಒಂದು ತೆಂಗಿನ ಕರಟವಿತ್ತು. ತುಂಬುವುದು, ಸುರಿಯುವುದು, ಮತ್ತೆ ತುಂಬುವುದು. ನನ್ನವಳಿಗೆ ತನ್ನ ಆಟಿಕೆಗಳ ರಾಶಿ ಬೇಡ, ಅದೇ ಕರಟ ಬೇಕು. ಹಿಡಿದು ಎಳೆದಳು. ಅವಳು ಬಿಡಲಿಲ್ಲ. ಅಷ್ಟರಲ್ಲಿ ತಾಯಿ ಕೆದಕುವ ಹಲಗೆ ಬಿಸಾಕಿ ಓಡಿ ಬಂದು, "ಕೊಡೇ, ಪುಟ್ಟಮ್ಮಂಗೆ ಕೊಡೇ" ಎಂದು ಮಗಳ ಕೈಯಿಂದ ಕಿತ್ತು ನನ್ನ ಮಗಳಿಗೆ ಕೊಟ್ಟಳು. ಹುಡುಗಿ ಅತ್ತಾಗ ಬೆನ್ನಿಗೊಂದು ಏಟು ಬೇರೆ.

"ಅಳಿಸಬೇಡ ಮಾರಾಯ್ತಿ" ಅಂದೆ. ಒಂದು ಬಿಸ್ಕತ್ತನ್ನೂ ಕೊಟ್ಟೆ. ಕರಟವನ್ನು ಮಾತ್ರ ವಾಪಸ್ ಕೊಡಿಸಲಿಲ್ಲ.

ಆಮೇಲೆ ಜಗಳವೇ ಇಲ್ಲ. ನನ್ನವಳು ಕೈ ಚಾಚಿದರೆ ಸಾಕು, ಕರಟ ಬರುತ್ತಿತ್ತು. ನಾನು ಅಮ್ಮನಿಗೆ ಫೋನು ಮಾಡಿ, "ಎಷ್ಟು ಹೊಂದಿಕೊಂಡು ಆಡ್ತಾವೆ ಗೊತ್ತಾ!" ಎಂದು ಜಂಬ ಕೊಚ್ಚಿದೆ.

ಆ ಜಂಬ ಭಾನುವಾರದವರೆಗೆ ಇತ್ತು. ಅಂದು ದೂರದೂರಿನಲ್ಲಿರುವ ನನ್ನ ನಾದಿನಿ ತನ್ನ ಎರಡು ವರ್ಷದ ಮಗನನ್ನು ಮೊದಲ ಸಲ ಕರೆದುಕೊಂಡು ಬಂದಿದ್ದಳು. ನನ್ನ ಮಗಳು ಅವನ ಪುಟಾಣಿ ಕಾರಿಗೆ ಕೈ ಚಾಚಿದಳು. ಅವನು ಕೊಡಲಿಲ್ಲ. ಇವಳು ಅಳಲಿಲ್ಲ, ಎಳೆಯಲೂ ಇಲ್ಲ. ಚಾಚಿದ ಕೈ ಚಾಚಿದಂತೆಯೇ ಇಟ್ಟುಕೊಂಡು, ತಿರುಗಿ ಅವನ ತಾಯಿಯ ಮುಖ ನೋಡಿದಳು. ಕಿತ್ತುಕೊಡುತ್ತಾಳೆಂದು ಕಾಯುತ್ತಿದ್ದಳು. ಯಾರೂ ಕೊಡಿಸದಿದ್ದಾಗ ಅವನ ತೋಳು ಕಚ್ಚಿದಳು.

ಸೋಮವಾರ ಕಣದಲ್ಲಿ ಕರಟ ಮಾಮೂಲಿನಂತೆ ನನ್ನ ಮಗಳ ಕೈ ಸೇರಿತು. "ಅದು ಅವಳದ್ದು. ಕೊಡು" ಅಂದೆ. ಕಿರುಚಿಕೊಂಡಳು. ಕೆಲಸದವರೆಲ್ಲ ಕೈ ನಿಲ್ಲಿಸಿ ನೋಡಿದರು.

"ಇರ್ಲಿ ಬಿಡಿ ಅಮ್ಮಾ, ಮಗು ಯಾಕೆ ಅಳಿಸ್ತೀರಿ, ನಮ್ಮನೇಲಿ ಬೇಕಾದಷ್ಟು ಕರಟ ಉಂಟು" ಅಂದಳು ಆ ತಾಯಿ.

"ಅವಳದ್ದು" ಎಂದೆ ಮತ್ತೆ, ಅಗತ್ಯಕ್ಕಿಂತ ಸ್ವಲ್ಪ ಜೋರಾಗಿಯೇ.

ಚಾಪೆಯ ಮೇಲೆ ಹೊರಳಿ ಹೊರಳಿ ಅತ್ತು ಸುಸ್ತಾದ ಮೇಲೆ ಮಗಳು ಎದ್ದು ಕೂತು ನನ್ನನ್ನೇ ದುರುಗುಟ್ಟಿ ನೋಡಿದಳು. ಮೂಗು ಒರೆಸಿಕೊಂಡಳು. ಕೊನೆಗೆ ಬಿಕ್ಕುತ್ತಲೇ ಕರಟವನ್ನು ಆ ಹುಡುಗಿಯ ಕಡೆ ಚಾಚಿದಳು. ಯಾರಿಗಾದರೂ ಏನನ್ನಾದರೂ ಅವಳು ಕೊಟ್ಟದ್ದು ಅದೇ ಮೊದಲು. ಗೆದ್ದೆ ಅಂದುಕೊಂಡೆ.

ಆ ಹುಡುಗಿ ತನ್ನ ಕರಟವನ್ನೇ ನೋಡುತ್ತಿದ್ದಳು. ಆಮೇಲೆ ಎರಡೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡು ತಾಯಿಯ ಮುಖ ನೋಡಿದಳು.