ಖಂಡೆಪ್ಪ ಮಾಡಿಕೊಟ್ಟ ಕೈಗೆಲಸ

ಮುಧೋಳದ ಖಂಡೆಪ್ಪ ಮೀಸೆ ಮೂಡುವ ಮೊದಲೇ ಶಹಾಬಾದಿನ ಕಲ್ಲಿನ ಖಣಿ ಸೇರಿದವನು. ಎಂಬತ್ತೊಂದನೆಯ ಇಸವಿಯಲ್ಲಿ ಎದೆ ತುಂಬ ಕಲ್ಲಿನ ಧೂಳು ತುಂಬಿಕೊಂಡು ಸತ್ತ. ಕೂಲಿಗಾಗಿ ಸಂಪು ಹೂಡಿದಾಗೆಲ್ಲ ಬಾವುಟ ಹಿಡಿದು ಮುಂದೆ ನಿಂತವನು, ಲಾಠಿಗೂ ಜಗ್ಗದವನು. ಅವನು ಅಂಜುತ್ತಿದ್ದದ್ದು ಒಂದಕ್ಕೇ. ಖಣಿಯ ಮಕ್ಕಳು ಹಾಲುಹಲ್ಲು ಬೀಳುವಷ್ಟರಲ್ಲಿ ಅಪ್ಪನ ಪಕ್ಕ ಕುಂತು ಫರಸಿ ಕಲ್ಲಿನ ಅಂಚು ಕೆತ್ತಲು ಕಲಿಯುತ್ತವೆ. ಕಲಿತವು ಮತ್ತೆ ಶಾಲೆಯ ಕಡೆ ಮುಖ ಹಾಕುವುದಿಲ್ಲ. ತಾಯಿಯಿಲ್ಲದ ಒಬ್ಬಳೇ ಮಗಳು ಅಮೃತಮ್ಮ ಶಾಲೆಯಲ್ಲಿ ಕಲಿಸುವ ಅಕ್ಕೋರಾಗಬೇಕು ಎಂಬುದು ಅವನ ಹಟ. ಉಳಿ ಹಾಗಿರಲಿ, ಅವಳ ಕೈಗೆ ಮಣ್ಣನ್ನೂ ತಾಗಗೊಡಲಿಲ್ಲ.

ಶಾಲೆಯಲ್ಲಿ ವಾರಕ್ಕೊಮ್ಮೆ ಕೈಗೆಲಸದ ತಾಸು. ಮಕ್ಕಳು ಮನೆಯಲ್ಲಿ ಏನಾದರೂ ಮಾಡಿಕೊಂಡು ಬರಬೇಕು. ಅಮೃತಮ್ಮನ ಪಾಲಿನದನ್ನು ಖಂಡೆಪ್ಪನೇ ಮಾಡುತ್ತಿದ್ದ. ಮಣ್ಣಿನ ಮಾವಿನಕಾಯಿ, ರಟ್ಟಿನ ರೈಲು, ಒಂದು ಸಲ ಕಲ್ಲಿನ ಚೂರುಗಳಲ್ಲಿ ಮಳಖೇಡದ ಕೋಟೆ.

"ಅಪ್ಪಾ, ಒಂದ್ ಬುರುಜು ನಾ ಮಾಡ್ತೀನಿ."

"ಸರಿ ಅತ್ಲಾಗ. ನೀ ಓದು. ಇದನ್ನ ಮಾಡ್ಲಿಕ್ಕಿ ನಾ ಸತ್ತೀನೇನು?"

ಅವನ ಜೋಡಿ ಕಲ್ಲು ಒಡೆಯುವ ಮಜೀದಸಾಬ ಚುಡಾಯಿಸುತ್ತಿದ್ದ. "ಏ ಖಂಡೆಪ್ಪ, ಸಾಲಿ ಕಲೀಲಿಕತ್ತಿದ್ದು ಮಗಳೋ ನೀನೋ? ನಾಳಿಗಿ ಲಂಗಾ ಹಾಕ್ಕೊಂಡು ನೀನೇ ಹೋಗಪಾ!"

"ನಿನ್ನ ಮಗನ ಅಂಗೈ ನೋಡ್ಕೊ ಸಾಬ, ಬರೇ ಬೊಬ್ಬಿ. ನನ್ನ ಮಗಳ ಕೈ ನೋಡು, ಬೆಣ್ಣಿ ಅದ."

ಮಾಸ್ತರಿಗೂ ಎಲ್ಲ ಗೊತ್ತಿತ್ತು. ಅಂಕ ಹಾಕಿ ಕೋಟೆಯನ್ನು ಕಪಾಟಿನ ಮೇಲೆ ಇಟ್ಟುಕೊಂಡರು.

ಎಸ್ಸೆಸ್ಸೆಲ್ಸಿ ಪಾಸಾದ ಮೇಲೆ ಖಂಡೆಪ್ಪ ಅವಳನ್ನು ಗುಲಬರ್ಗಾಕ್ಕೆ, ಶಿಕ್ಷಕಿಯರ ತರಬೇತಿಯ ಆಯ್ಕೆಗೆ ಕರೆದೊಯ್ದ. ಬರೆಯುವ ಪರೀಕ್ಷೆ ಸಲೀಸಾಗಿ ಮುಗಿಯಿತು. ಮಧ್ಯಾಹ್ನ ಒಬ್ಬೊಬ್ಬರ ಮುಂದೆ ಒಂದೊಂದು ಮುದ್ದೆ ಮಣ್ಣಿಟ್ಟು, ಚಿಕ್ಕ ಮಕ್ಕಳಿಗೆ ತೋರಿಸುವಂಥದ್ದು ಏನಾದರೂ ಮಾಡಿರೆಂದರು. ಉಳಿದ ಹುಡುಗಿಯರು ಕುತ್ತಿಗೆ ಮುರಿದ ಬಾತುಕೋಳಿ, ಡೊಂಕು ಗಡಿಗೆ ಏನೇನೋ ಮಾಡಿದರು. ಅಮೃತಮ್ಮ ಮಡಿಲಲ್ಲಿ ಕೈಯಿಟ್ಟುಕೊಂಡು ಕುಂತಿದ್ದಳು.

ಖಂಡೆಪ್ಪ ಕಿಟಕಿಯ ಸರಳು ಹಿಡಿದು ಪಿಸುಗುಟ್ಟಿದ. "ಮಾಡವ್ವಾ. ಏನರೆ ಮಾಡು."

"ಸರೀಪಾ ಹಿರ್ಯಾ," ಎಂದು ಜವಾನ ರಟ್ಟೆ ಹಿಡಿದು ಎಳೆದ. "ಪರೀಕ್ಷಾ ನಿಂದಲ್ಲ."

ಮಣ್ಣು ಇಟ್ಟ ಹಾಗೇ ಒಣಗಿತು. ಸೀಟು ಸಿಗಲಿಲ್ಲ.

ತಿರುಗಿ ಬರುವಾಗ ರೈಲಿನಲ್ಲಿ ಕೇಳಿದ. "ಬರಲಿಲ್ಲೇನವ್ವಾ?"

"ಸೊಟ್ಟ ಆಗ್ತದಂತ ಅಂಜಿಕಿ ಬಂತಪ್ಪಾ. ನೀ ಮಾಡಿದ್ದು ಒಂದರೆ ಸೊಟ್ಟ ಇತ್ತೇನು?"

ಮರುವರ್ಷ ಮತ್ತೆ ಅರ್ಜಿ ಹಾಕು ಎಂದು ಖಂಡೆಪ್ಪ ಬೇಡಿಕೊಂಡ, ಕಾಲು ಹಿಡಿಯುವುದೊಂದು ಬಾಕಿ. ಅವಳು ಒಲ್ಲೆ ಎಂದಳು. ಚಿಮ್ಮನಚೋಡದ ಒಕ್ಕಲು ಮನೆಯೊಂದರಲ್ಲಿ ಲಗ್ನ ಗೊತ್ತಾಯಿತು. ಅರಿಷಿಣ ಹಚ್ಚುವ ಮುಂಚಿನ ದಿನ ಖಂಡೆಪ್ಪ ಕಾಗಿಣಾ ಹೊಳೆಯ ದಂಡೆಯಿಂದ ಜಿಗುಟು ಮಣ್ಣು ತಂದು, ಹರಳು ಆರಿಸಿ, ನಾದಿ ಮಗಳ ಮುಂದಿಟ್ಟ.

"ಮಾಡವ್ವಾ. ಸೊಟ್ಟಾದ್ರ ಆಗ್ಲಿ. ನಾ ಕೈ ಹಚ್ಚಂಗಿಲ್ಲ."

ಅವಳು ಮಣ್ಣನ್ನು ನೋಡಿದಳು, ಅಪ್ಪನನ್ನು ನೋಡಿದಳು.

"ಈಗ ಯಾವ ಸಾಲಿಗಪ್ಪಾ?"

ಎದ್ದು ಆ ಮುದ್ದೆಯನ್ನು ಒಳಗೊಯ್ದು, ಬಿರುಕು ಬಿಟ್ಟಿದ್ದ ಒಲೆಗೆ ಮೆತ್ತಿದಳು.