ಅಜ್ಜಿಯ ತುತ್ತಿನ ಲೆಕ್ಕ ಮತ್ತು ಸೇಬಿನ ಕೇಕು

ನಮ್ಮ ಮನೆಗೆ ಸೇಬು ಬಂತೆಂದರೆ ಯಾರೋ ಹಾಸಿಗೆ ಹಿಡಿದಿದ್ದಾರೆ ಎಂದೇ ಅರ್ಥ. ಆಗಿನ ಕಡೂರಿನಲ್ಲಿ ಆರೋಗ್ಯವಾಗಿರುವವರು ಬಾಳೆಹಣ್ಣು, ಸೀಬೆಹಣ್ಣು ತಿನ್ನುತ್ತಿದ್ದರು. ಸೇಬನ್ನು ಬಸ್ ಸ್ಟ್ಯಾಂಡಿನ ಗಾಡಿಯಲ್ಲಿ ಆರಿಸಿ ಕೊಂಡು, ಕಾಗದದ ಪೊಟ್ಟಣದಲ್ಲಿ ಹಿಡಿದು, ಮುಖ ಸಪ್ಪಗೆ ಮಾಡಿಕೊಂಡು ಬಂದು ಕಾಯಿಲೆಯವರ ತಲೆದೆಸೆಯಲ್ಲಿ ಇಡುವುದು ಪದ್ಧತಿ. ಎಪ್ಪತ್ತೆಂಟರ ದಸರಾ ರಜೆಯಲ್ಲಿ ಅಜ್ಜಿ ಜ್ವರ ಬಂದು ಮಲಗಿದಳು. ಹನ್ನೊಂದು ದಿನದಲ್ಲಿ ಮೂವತ್ನಾಲ್ಕು ಸೇಬು ಬಂದವು. ಸಿಂಗಟಗೆರೆಯಿಂದ ಆರು, ಚೌಳಹಿರಿಯೂರಿನಿಂದ ನಾಲ್ಕು (ಒಂದು ಕೊಳೆತದ್ದು), ತರೀಕೆರೆಯ ದೊಡ್ಡಪ್ಪನಿಂದ ಒಂದು ಡಜನ್, ಉಳಿದವು ನಮ್ಮ ಬೀದಿಯವರಿಂದ.

ಇಷ್ಟು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಆಗಲೇ ಬರೆದಿಟ್ಟಿದ್ದೇನೆ. ಒಂಬತ್ತನೇ ಕ್ಲಾಸಿನಲ್ಲಿದ್ದ ನಾನು ಎಲ್ಲವನ್ನೂ ಬರೆದಿಡುತ್ತಿದ್ದೆ: ಯಾವ ದಿನ ಹಾಲಿನವನು ತಡವಾಗಿ ಬಂದ, ಬಾವಿಯಿಂದ ಎಷ್ಟು ಕೊಡ ಸೇದಿದೆವು, ಗಣಿತದ ಮೇಷ್ಟ್ರು ಒಂದು ಪಾಠದಲ್ಲಿ ಎಷ್ಟು ಸಲ 'ಗೊತ್ತಾಯ್ತಾ' ಅಂದರು. ಗೆರೆ ಹಾಕಿದ ನೋಟ್‌ಬುಕ್ಕು, ಎಡಗಡೆ ದಿನ, ಬಲಗಡೆ ನಾಲ್ಕು ಗೀಟಿಗೆ ಅಡ್ಡ ಒಂದು ಗೀಟು.

ಹಾಗಾಗಿ ಗುರುವಾರ ಬಂದ ಡಾಕ್ಟರು ಅಪ್ಪ ಅಮ್ಮನ ಬದಲು ನನ್ನ ಕಡೆಗೇ ತಿರುಗಿದರು.

"ಜ್ವರ ಬಿಟ್ಟಿದೆ. ಆದ್ರೆ ಹೊಟ್ಟೆಗೆ ಏನೂ ಹೋಗ್ತಿಲ್ಲ. ಬರೀ ಗಂಜಿ ನೀರಲ್ಲಿ ಎಷ್ಟು ದಿನ ನಡೆಯುತ್ತೆ? ನೀನು ಬರ್ಕೊಳ್ಳೋ ಹುಡುಗಿ ಅಲ್ವಾ? ಅಜ್ಜಿ ಏನ್ ತಿಂದ್ರು, ಎಷ್ಟು ತುತ್ತು, ಎಲ್ಲಾ ಬರಿ. ಸೋಮವಾರ ನೋಡ್ತೀನಿ. ಗಟ್ಟಿ ಪದಾರ್ಥ ತಿನ್ನದೇ ಇದ್ರೆ ದೊಡ್ಡಾಸ್ಪತ್ರೆಗೆ ಚೀಟಿ ಬರ್ದುಕೊಡ್ತೀನಿ."

ದೊಡ್ಡಾಸ್ಪತ್ರೆ ಎಂದ ಕೂಡಲೇ ಅಜ್ಜಿ ಗೋಡೆಯ ಕಡೆಗೆ ಮಗ್ಗುಲಾದಳು. ಹಿಂದಿನ ವರ್ಷ ಅವಳ ತಂಗಿ ಅಲ್ಲಿಗೆ ಹೋಗಿ ವಾಪಸ್ಸು ಬಂದಿರಲಿಲ್ಲ. ಅಜ್ಜಿಗೆ ಹೋಗುವ ಮನಸ್ಸಿಲ್ಲ, ತಿನ್ನುವ ಮನಸ್ಸೂ ಇಲ್ಲ. ನನಗೂ ಅವಳನ್ನು ಕಳಿಸುವ ಮನಸ್ಸಿರಲಿಲ್ಲ. ನಾನು ಹುಟ್ಟಿದಾಗಿನಿಂದ ಅವಳ ಪಕ್ಕದಲ್ಲೇ ಮಲಗುತ್ತಿದ್ದವಳು.

ಗುರುವಾರದ ಪುಟ: ಗಂಜಿ ನಾಲ್ಕು ಚಮಚ, ಇಡ್ಲಿ ಸೊನ್ನೆ. ಶುಕ್ರವಾರ: ಗಂಜಿ ಐದು, ಮೆತ್ತಗಿನ ಅನ್ನ ಒಂದು ತುತ್ತು (ಉಗಿದದ್ದು).

"ಉಗಿದದ್ದು ಅಂತ ಯಾಕೆ ಬರ್ದೆ?" ಅಜ್ಜಿ ಹಾಸಿಗೆಯಿಂದಲೇ ಬಗ್ಗಿ ನೋಡಿದಳು. ಅವಳಿಗೆ ಓದಲು ಬರುತ್ತಿರಲಿಲ್ಲ, ಆದರೆ ನಾನು ಬಾಯಲ್ಲಿ ಹೇಳಿಕೊಂಡು ಬರೆಯುವುದು ಕೇಳಿಸುತ್ತಿತ್ತು, ಗೀಟು ಎಣಿಸಲೂ ಬರುತ್ತಿತ್ತು.

"ಉಗ್ದೆ ಅಲ್ವಾ?"

"ಬಾಯಿಗೆ ಹೋಗಿತ್ತು ತಾನೆ? ಹೋಗಿದ್ದು ಬರಿ, ಬಂದಿದ್ದು ಯಾಕೆ? ಇನ್ನೊಂದ್ ನಾಲ್ಕು ಗೀಟು ಹಾಕ್ಬಿಡೇ. ಆ ಡಾಕ್ಟ್ರೇನು ನನ್ ಹೊಟ್ಟೆ ಕುಯ್ದು ನೋಡ್ತಾನಾ?"

"ಆಗಲ್ಲ ಅಜ್ಜಿ."

"ಥೂ, ನಿನ್ನ. ಮೊಮ್ಮಗಳು ಅಂದ್ಕೊಂಡಿದ್ದೆ, ಶ್ಯಾನುಭೋಗ ಕಣೇ ನೀನು!"

ಸೇಬನ್ನಾದರೂ ತಿನ್ನು ಎಂದರೆ ಮುಖ ತಿರುಗಿಸುತ್ತಿದ್ದಳು. ಇದ್ದದ್ದು ಆರು ಹಲ್ಲು, ಅದೂ ಒಂದಕ್ಕೊಂದು ಎದುರಾಗದಂತೆ. ಆದರೆ ಹಲ್ಲು ನೆಪ. "ಅದು ಹಣ್ಣಲ್ಲ ಕಣೇ, ನೋಟೀಸು. ತರೋರ ಮುಖ ನೋಡಿದ್ದೀಯಾ? ಕಣ್ತುಂಬ ನೋಡ್ಕೊಂಡ್ ಹೋಗೋಕ್ ಬರ್ತಾರೆ. ನಾನು ಅದನ್ನ ತಿಂದೆ ಅಂದ್ರೆ ಸರಿ, ಹೊರಟೆ ಅಂತ ಒಪ್ಕೊಂಡಂಗೆ."

ಶನಿವಾರ ಬೆಳಗ್ಗೆ ಅಜ್ಜಂಪುರದಿಂದ ಪ್ಯಾಸೆಂಜರ್ ಗಾಡಿಯಲ್ಲಿ ಅಮ್ಮನ ತಂಗಿ, ನನ್ನ ಚಿಕ್ಕಮ್ಮ, ಬಂದಳು. ಅವಳು ಸೇಬು ತಂದಿರಲಿಲ್ಲ. ಅದಕ್ಕೇ ಅಜ್ಜಿ ಅವಳನ್ನು ಒಳ್ಳೆಯ ಮಾತಿನಲ್ಲಿ ಕರೆದು ಕೂರಿಸಿಕೊಂಡಳು. ಚಿಕ್ಕಮ್ಮ ತಂದಿದ್ದು ವಾರಪತ್ರಿಕೆಯಿಂದ ಕತ್ತರಿಸಿದ ಒಂದು ಚೂರು ಕಾಗದ. ಮಸಾಲೆ ಹಾಕಿದ ಸೇಬಿನ ಕೇಕು. ಅಡುಗೆಮನೆಯಲ್ಲಿ ಮೆತ್ತಗಾಗುತ್ತಿದ್ದ ಹಣ್ಣುಗಳ ಬುಟ್ಟಿಯನ್ನು ನೋಡಿ ಅವಳ ಕಣ್ಣು ಹೊಳೆಯಿತು.

"ಅಕ್ಕಾ, ಇದನ್ನ ಬೇಯಿಸಿ ಕಿವುಚಿ ಹಾಕಿದ್ರೆ ಸೇಬು ಅಂತ ಅತ್ತೆಗೆ ಗೊತ್ತೇ ಆಗಲ್ಲ. ಚಕ್ಕೆ, ಲವಂಗದ ಘಮಕ್ಕೇ ಬಾಯಿ ಬಿಡ್ತಾರೆ ನೋಡು. ಮೆತ್ತಗೂ ಇರುತ್ತೆ."

ಅಮ್ಮ ಕಾಗದವನ್ನು ಮುಟ್ಟದೆ ದೂರದಿಂದ ನೋಡಿದಳು. "ಮೊಟ್ಟೆ?"

"ಇಲ್ಲ ಕಣೇ ಅಕ್ಕ. ಮೊಸರು, ಸೋಡಾ ಹಾಕಿ ಏಳಿಸೋದು. ನಮ್ಮ ಪಕ್ಕದ್ಮನೆಯವರು ಎರಡು ಸಲ ಮಾಡಿದ್ರು."

"ಎದ್ದಿತ್ತಾ?"

"ಎರಡನೇ ಸಲ ಎದ್ದಿತ್ತು."

ಪೇಟೆಯ ಬೇಕರಿಯ ಭಟ್ಟಿಯಲ್ಲಿ ಬೇಯಿಸಿಕೊಡುತ್ತಿದ್ದರು, ಆದರೆ ಅಲ್ಲಿ ಮೊಟ್ಟೆಯ ಕೇಕೂ ಬೇಯುತ್ತಿತ್ತು. ಆ ಮಾತನ್ನು ಎತ್ತುವ ಧೈರ್ಯ ಯಾರಿಗೂ ಇರಲಿಲ್ಲ. ಮನೆಯಲ್ಲೇ ಏರ್ಪಾಡಾಯಿತು. ಕೇಕಿನ ಅಚ್ಚಿಗೆ ನನ್ನ ಸ್ಕೂಲಿನ ಉದ್ದನೆಯ ಅಲ್ಯುಮಿನಿಯಂ ಊಟದ ಡಬ್ಬಿ. ಭಟ್ಟಿಯ ಬದಲು ದಪ್ಪ ತಳದ ಪಾತ್ರೆ, ಅದರಲ್ಲಿ ಜರಡಿ ಹಿಡಿದ ಮರಳು. ಕೆಳಗೆ ಇದ್ದಿಲ ಒಲೆ, ಮೇಲೆ ಮುಚ್ಚಿದ ತಟ್ಟೆಯಲ್ಲಿ ನಿಗಿನಿಗಿ ಕೆಂಡ. ಐದು ಸೇಬನ್ನು ನಾನೇ ಸಿಪ್ಪೆ ತೆಗೆದು ಹೆಚ್ಚಿದೆ. ಚಿಕ್ಕಮ್ಮ ಬೆಣ್ಣೆ ಸಕ್ಕರೆ ನೊರೆ ಬರುವ ತನಕ ಕೈಯಲ್ಲೇ ತಿರುವಿದಳು. ಅಮ್ಮ ಚಕ್ಕೆ, ಲವಂಗ, ಅರ್ಧ ಜಾಯಿಕಾಯಿ ಕುಟ್ಟಿ ಕೊಟ್ಟಳು, "ಇದೇನು ಕೇಕೋ, ಬಾಣಂತಿ ಲೇಹವೋ" ಎಂದು ಗೊಣಗುತ್ತ.

"ಸೋಡಾ ಎಲ್ಲಿ?" ಚಿಕ್ಕಮ್ಮ ಕೇಳಿದಳು.

"ಅವಳ್ನ ಕೇಳು. ನಮ್ಮನೇಲಿ ಡಬ್ಬಿಗೆ ಹೆಸರಿಲ್ಲ, ನಂಬರು," ಎಂದಳು ಅಮ್ಮ.

ಅದು ನನ್ನ ಆ ರಜೆಯ ದೊಡ್ಡ ಕೆಲಸ. ಹಲಗೆಯ ಮೇಲಿನ ಇಪ್ಪತ್ಮೂರು ಡಬ್ಬಿಗಳಿಗೂ ನಂಬರಿನ ಚೀಟಿ ಅಂಟಿಸಿ, ಯಾವ ನಂಬರಿನಲ್ಲಿ ಏನಿದೆ ಎಂದು ನೋಟ್‌ಬುಕ್ಕಿನಲ್ಲಿ ಪಟ್ಟಿ ಮಾಡಿದ್ದೆ. ಆ ವಾರ ಗಂಜಿಯ ಹಬೆಗೆ ಎರಡು ಚೀಟಿ ಬಿದ್ದುಹೋಗಿದ್ದವು. ಮತ್ತೆ ಅಂಟಿಸಿ ಎಣಿಸಿ ನೋಡಿದ್ದೆ: ಇಪ್ಪತ್ಮೂರು ಡಬ್ಬಿ, ಇಪ್ಪತ್ಮೂರು ಚೀಟಿ. ಲೆಕ್ಕ ಸರಿಹೋಗಿತ್ತು, ಮುಚ್ಚಳ ತೆಗೆದು ನೋಡುವ ಅಗತ್ಯ ಕಂಡಿರಲಿಲ್ಲ. ಪಟ್ಟಿ ನೋಡಿ, "ಹನ್ನೆರಡು," ಎಂದೆ. ಚಿಕ್ಕಮ್ಮ ಹನ್ನೆರಡನೆಯದರಿಂದ ಒಂದೂವರೆ ಟೀ ಚಮಚ ಬಿಳಿ ಪುಡಿ ಹಾಕಿ ಮೊಸರು ಸುರಿದಳು.

"ನೊರೆ ಬರ್ಬೇಕಿತ್ತು," ಎಂದಳು.

"ಆಮೇಲೆ ಬರುತ್ತೇನೋ," ಎಂದಳು ಅಮ್ಮ.

ನಾಲ್ಕು ಹತ್ತಕ್ಕೆ ಮರಳಿನ ಮೇಲೆ ಇಟ್ಟೆವು. ಹತ್ತು ನಿಮಿಷಕ್ಕೊಮ್ಮೆ ಟೈಂಪೀಸ್ ನೋಡಿ ಬರೆದಿದ್ದೇನೆ. 4:40, ವಾಸನೆ ಇಲ್ಲ. 4:50, ಲವಂಗ. 5:00, ಲವಂಗ, ತುಪ್ಪ, ಪಕ್ಕದ ಮನೆಯಾಕೆ ಕಾಂಪೌಂಡಿನ ಆಚೆಯಿಂದ 'ಏನ್ರೀ ಅದು' ಎಂದು ಕೇಳಿದರು. 5:30, ಇಳಿಸಿದ್ದು.

ಎದ್ದಿರಲಿಲ್ಲ. ಡಬ್ಬಿಯ ಅರ್ಧಕ್ಕೆ ಹಾಕಿದ್ದೆವು, ಅರ್ಧದಲ್ಲೇ ಇತ್ತು, ಸ್ವಲ್ಪ ಕೆಳಗೇ ಇತ್ತೆನ್ನಬಹುದು. ಬಣ್ಣ ಬೂದುಗಂದು. ಬೋರಲು ಹಾಕಿದಾಗ ತಟ್ಟೆಯ ಮೇಲೆ 'ಧಡ್' ಎಂದು ಕೂತಿತು. ಅಪ್ಪ ಬಾಗಿಲಲ್ಲಿ ನಿಂತು, "ಇನ್ನೂ ಇಂಥಾದ್ದು ನಾಲ್ಕು ಮಾಡಿ, ಹಿತ್ತಲ ಮೆಟ್ಟಿಲು ಕಿತ್ಹೋಗಿದೆ," ಎಂದರು. ಚಿಕ್ಕಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು.

ಆದರೂ ಒಂದು ಚೂರು ಕತ್ತರಿಸಿ ಅಜ್ಜಿಯ ಹತ್ತಿರ ಒಯ್ದೆವು. ಅಜ್ಜಿ ಮೂಸಿ ನೋಡಿದಳು.

"ಸೇಬು."

"ಅಲ್ಲ ಅತ್ತೆ, ಇದು ಕೇಕು," ಎಂದಳು ಚಿಕ್ಕಮ್ಮ.

"ಲವಂಗದ ಹಿಂದೆ ಸೇಬು ಕೂತಿದೆ. ನನ್ ಮೂಗಿಗೆ ಜ್ವರ ಬಂದಿಲ್ಲಮ್ಮ. ತಗೊಂಡ್ ಹೋಗು."

ಶನಿವಾರದ ಪುಟ: ಗಂಜಿ ಐದು ಚಮಚ, ಕೇಕು ಸೊನ್ನೆ. ಆ ಸೊನ್ನೆಯನ್ನು ಬರೆಯುವಾಗ ನನ್ನ ಪೆನ್ಸಿಲಿನ ಮೊನೆ ಮುರಿಯಿತು. ಒಂದೇ ದಿನ ಉಳಿದಿತ್ತು. ಅಮ್ಮ ಅಜ್ಜಿಯ ಎರಡು ಸೀರೆಗಳನ್ನು ಒಗೆದು ಮಡಿಸಿ ಚೀಲದಲ್ಲಿಟ್ಟದ್ದನ್ನು ನೋಡಿದೆ.

ಭಾನುವಾರ ಬೆಳಗ್ಗೆ ಅಜ್ಜಿ ಲಿಂಗಪೂಜೆಗೆ ದಿಂಬಿಗೆ ಒರಗಿ ಕೂತಳು. ಜ್ವರದಲ್ಲೂ ಒಂದು ದಿನವೂ ತಪ್ಪಿಸಿರಲಿಲ್ಲ. ದಿನಾ ವಿಭೂತಿ ಗಟ್ಟಿಯನ್ನು ತೇಯ್ದುಕೊಳ್ಳುತ್ತಿದ್ದಳು. ಅವತ್ತು ಗಟ್ಟಿ ಮುಗಿದಿತ್ತು. "ಮಠದಿಂದ ತಂದ ಪುಡಿ ಡಬ್ಬೀಲಿದೆ, ತಾ," ಎಂದಳು. ಅವಳು ಹಾಸಿಗೆ ಹಿಡಿದ ಮೇಲೆ ದೇವರ ಕೋಣೆಯಲ್ಲಿ ಇಲಿ ಓಡಾಡುತ್ತದೆಂದು ಅಮ್ಮ ಆ ಡಬ್ಬಿಯನ್ನೂ ಅಡುಗೆಮನೆಯ ಹಲಗೆಗೆ ತಂದಿದ್ದಳು. ನನ್ನ ಪಟ್ಟಿಯಲ್ಲಿ ಅದು ಹದಿನೇಳು. ತಂದುಕೊಟ್ಟೆ. ಅಜ್ಜಿ ಹಣೆಗೆ ಮೂರು ಬೆರಳಲ್ಲಿ ಎಳೆದುಕೊಂಡಳು, ತೋಳಿಗೆ ಎಳೆದುಕೊಂಡಳು, ರೂಢಿಯಂತೆ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡಳು.

"ಥೂ ಥೂ! ಇದೇನೇ ಇದು, ಸೋಡಾ!"

ಅಮ್ಮ ಓಡಿ ಬಂದಳು. ಚಿಕ್ಕಮ್ಮ ಓಡಿ ಬಂದಳು. ನಾನು ಓಡಲಿಲ್ಲ. ಬಿದ್ದುಹೋದ ಎರಡು ಚೀಟಿ ಹನ್ನೆರಡು ಮತ್ತು ಹದಿನೇಳು ಎಂಬುದು ನನಗೆ ನಿಂತಲ್ಲೇ ನೆನಪಾಗಿತ್ತು.

"ಹಂಗಾದ್ರೆ ನಿನ್ನೆ ಕೇಕಿಗೆ..." ಎಂದು ಚಿಕ್ಕಮ್ಮ ಶುರುಮಾಡಿ, ಬಾಯಿಗೆ ಕೈ ಇಟ್ಟುಕೊಂಡಳು.

"ಒಂದೂವರೆ ಚಮಚ," ಎಂದೆ ನಾನು.

"ಶಿವನೇ! ಹಸೂಗೆ ಹಾಕ್ಬಿಡ್ತೀನಿ," ಎಂದು ಅಮ್ಮ ಅಡುಗೆಮನೆಗೆ ತಿರುಗಿದಳು.

"ನಿಲ್ಲೇ!" ಅಜ್ಜಿಯ ಆ ದನಿ ಹನ್ನೆರಡು ದಿನದಿಂದ ಮನೆಯಲ್ಲಿ ಕೇಳಿರಲಿಲ್ಲ. "ಮಠದ ವಿಭೂತಿ ಕಣೇ ಅದು! ಅದು ಬಿದ್ದ ಮೇಲೆ ಪ್ರಸಾದ. ಪ್ರಸಾದನ ಚೆಲ್ತಾರಾ? ಯಾವ ಮನೆಯಿಂದ ಬಂದೆ ನೀನು? ತಗೊಂಬಾ ಇಲ್ಲಿ."

ಅಮ್ಮ ತಟ್ಟೆ ತಂದಳು. ಅಜ್ಜಿ ಯಾರ ಆಸರೆಯೂ ಇಲ್ಲದೆ ನೆಟ್ಟಗೆ ಕೂತು, ಹಣೆಯ ತುಂಬ ಸೋಡಾ ಬಳಿದುಕೊಂಡೇ, ಒಂದು ಚೂರನ್ನು ಕಣ್ಣಿಗೊತ್ತಿಕೊಂಡು ಬಿಸಿ ಹಾಲಿನಲ್ಲಿ ಅದ್ದಿ ತಿಂದಳು. ನಾವು ಮೂವರೂ ಅವಳ ಬಾಯನ್ನೇ ನೋಡಿದೆವು. ಉಗಿಯಲಿಲ್ಲ.

ಎರಡನೇ ಚೂರು ತೆಗೆದುಕೊಂಡು, "ಜಾಯಿಕಾಯಿ ಜಾಸ್ತಿಯಾಯ್ತು," ಎಂದಳು. ಮೂರನೆಯದಕ್ಕೆ ಇನ್ನಷ್ಟು ಹಾಲು ಕೇಳಿದಳು. ಆಮೇಲೆ ನನ್ನ ಕೈಯ ಪೆನ್ಸಿಲ್ ಕಂಡು ಗದರಿದಳು.

"ಮುಚ್ಚಿಡು ಅದನ್ನ. ಪ್ರಸಾದನ ಎಣಿಸ್ಬಾರ್ದು."

ನನಗೆ ಅಳು ಬರುವಂತಾಯಿತು. "ಎಣಿಸ್ದಿದ್ರೆ ಪುಟದಲ್ಲಿ ಸೊನ್ನೇನೇ ಇರುತ್ತೆ ಅಜ್ಜಿ. ನಾಳೆ ಡಾಕ್ಟ್ರು ಸೊನ್ನೆ ನೋಡಿ ಚೀಟಿ ಬರೀತಾರೆ. ಅಮ್ಮ ನಿನ್ ಸೀರೆ ಎಲ್ಲಾ ಚೀಲಕ್ಕೆ ಹಾಕಿದ್ದಾಳೆ."

ಅಜ್ಜಿ ಅಗಿಯುವುದನ್ನು ನಿಲ್ಲಿಸಿದಳು. ಅಮ್ಮನನ್ನು ನೋಡಿದಳು, ಅಮ್ಮ ನೆಲ ನೋಡಿದಳು. ಅಜ್ಜಿ ಹಾಲಿನ ಲೋಟ ಕೆಳಗಿಟ್ಟಳು.

"ಮೊದಲ್ನೇ ಚೂರು ಪ್ರಸಾದ," ಎಂದಳು. "ಅದು ಶಿವನ ಲೆಕ್ಕ. ಮಿಕ್ಕಿದ್ದು ತಿಂಡಿ. ಅದನ್ನ ಬರ್ಕೋ."

ಸೋಮವಾರ ಡಾಕ್ಟರು ಕನ್ನಡಕ ಏರಿಸಿಕೊಂಡು ಗಟ್ಟಿಯಾಗಿ ಓದಿದರು. "ಭಾನುವಾರ. ಕೇಕು, ಬೆಳಗ್ಗೆ ಎರಡು ಚೂರು, ಸಂಜೆ ಎರಡು ಚೂರು. ಪಕ್ಕದಲ್ಲಿ ಪ್ರಸಾದ ಒಂದು, ಲೆಕ್ಕಕ್ಕಿಲ್ಲ. ಇದೇನಮ್ಮ ಇದು?"

ಚಿಕ್ಕಮ್ಮ ಬಾಗಿಲ ಹಿಂದೆ ಸರಿದಳು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ನಂಬರುಗಳ ಸಮೇತ. ಡಾಕ್ಟರು ನಗುವುದಕ್ಕೆ ಮುಂಚೆಯೇ ಅಜ್ಜಿ ತಟ್ಟೆ ಮುಂದಕ್ಕೆ ತಳ್ಳಿದಳು. "ತಗೊಳ್ಳಪ್ಪ. ಬಲಗೈಲಿ."

ಅವರು ಒಂದು ಚೂರು ಬಾಯಿಗಿಟ್ಟುಕೊಂಡರು. ಅಗಿದರು. ಇನ್ನೂ ಅಗಿದರು. ಅಮ್ಮ ನೀರು ತಂದುಕೊಟ್ಟಳು. ಅಂತೂ ನುಂಗಿದ ಮೇಲೆ ಅಜ್ಜಿಯ ನಾಡಿ ಹಿಡಿದು ನೋಡಿ, ಕೈ ಬಿಟ್ಟು, ನನ್ನ ನೋಟ್‌ಬುಕ್ಕನ್ನು ಮಡಚಿದರು.

"ಇದನ್ನ ಅರಗಿಸ್ಕೊಂಡಿರೋ ಹೊಟ್ಟೆಗೆ ದೊಡ್ಡಾಸ್ಪತ್ರೆ ಯಾಕಜ್ಜಿ? ಇನ್ಮೇಲೆ ಅನ್ನ ತಿನ್ನಿ, ಸಾಕು."

ಅವರು ಸೈಕಲ್ ಹತ್ತಿ ಬೀದಿಯ ತಿರುವು ದಾಟಿರಲಿಲ್ಲ, ಅಜ್ಜಿ ಅಮ್ಮನನ್ನು ಕೂಗಿದಳು. "ಲೇ, ಏನ್ ಸಾರು ಮಾಡಿದ್ದೀಯೇ? ಆ ಇಟ್ಟಿಗೆ ತಿಂದು ತಿಂದು ಬಾಯೆಲ್ಲ ಒಣಗ್ಹೋಯ್ತು. ಅನ್ನ ಮೆತ್ತಗೆ ಕಲಸ್ಕೊಂಡು ಬಾ."

ಸೊಪ್ಪಿನ ಸಾರು. ಅಮ್ಮ ಕಲಸಿ ತಂದಳು. ನಾನು ನೋಟ್‌ಬುಕ್ಕು ಹಿಡಿದು ಎದುರಿಗೆ ಕೂತೆ.

"ಎದುರಿಗೆ ಬೇಡ ಕಣೇ. ಹಂಗೆ ಬಾಯಿ ನೋಡ್ತಾ ಕೂತ್ರೆ ಒಳಗಿಳಿಯಲ್ಲ. ಹಿಂದೆ ಹೋಗು."

ಅವಳ ಬೆನ್ನ ಹಿಂದೆ ಗೋಡೆಗೆ ಒರಗಿ ಕೂತೆ. ಅಲ್ಲಿಂದ ತಟ್ಟೆ ಕಾಣುತ್ತಿರಲಿಲ್ಲ, ಬಾಯಿಯೂ ಕಾಣುತ್ತಿರಲಿಲ್ಲ. ಬಲಗೈಯ ಮೊಣಕೈ ಮಾತ್ರ ಮೇಲೇಳುತ್ತಿತ್ತು, ಕೆಳಗಿಳಿಯುತ್ತಿತ್ತು. ಅದನ್ನೇ ಎಣಿಸಿ ಬರೆದೆ: ಹತ್ತೊಂಬತ್ತು. ಎರಡು ಸಲ ನೊಣ ಓಡಿಸಲು ಎದ್ದದ್ದನ್ನು ಕಳೆದು, ಹದಿನೇಳು.